ಸಂಗ್ರಾಹಕನ ಪೆಟ್ಟಿಗೆಯೂ ಆಟಗಾರನ ಕೈಯೂ

ನಂಜನಗೂಡಿನ ತೇರುಬೀದಿಯ ಆಸುಪಾಸಿನ ಸಣ್ಣ ಅಂಗಡಿಗಳಲ್ಲಿ, ತಿರುಮಕೂಡಲು ನರಸೀಪುರದ ಶಾಲೆಗಳೆದುರಿನ ಪೆಟ್ಟಿಗೆ ಅಂಗಡಿಗಳಲ್ಲಿ, ಚಿಪ್ಸಿನ ಸಾಲಿನ ಪಕ್ಕದಲ್ಲಿಯೇ ಮಿನುಗುವ ಹಾಳೆಯ ಪುಟ್ಟ ಪೊಟ್ಟಣಗಳು ತೂಗುಬಿದ್ದಿರುವುದನ್ನು ವಾಚಕರು ಗಮನಿಸಿರಬಹುದು. ಜಪಾನಿನ ಪೋಕೆಮಾನ್ ಲೋಕದ ವಿಚಿತ್ರ ಜೀವಿಗಳ ಚಿತ್ರವುಳ್ಳ ಎಲೆಗಳು ಅವುಗಳೊಳಗಿವೆ. ಬಹುಪಾಲು ಮೂಲ ಕಂಪನಿಯವಲ್ಲ, ಅನುಕರಣೆಗಳು. ಒಡೆದು ನೋಡುವವರೆಗೆ ಒಳಗೇನಿದೆಯೆಂದು ಮಗುವಿಗೆ ತಿಳಿಯದು. ಬಂಗಾರದ ಬಣ್ಣದ್ದು ಸಿಕ್ಕವನು ಆ ದಿನದ ಮಟ್ಟಿಗೆ ತರಗತಿಯ ಶ್ರೀಮಂತ. ಇವುಗಳಿಂದ ಆಡಬೇಕಾದ ಆಟವೊಂದುಂಟು, ಅದಕ್ಕೆ ಬುದ್ಧಿಗೆ ಕೆಲಸ ಕೊಡುವ ನಿಯಮಗಳುಂಟು. ಆದರೆ ಅದನ್ನು ಬಲ್ಲ ಮಕ್ಕಳು ವಿರಳ. ಹಿಂದಿನ ತಲೆಮಾರಿನವರು ಬೆಂಕಿಪೊಟ್ಟಣದ ಚಿತ್ರಗಳನ್ನು ನೆಲಕ್ಕೆ ಹೊಡೆದು ಮಗುಚಿ ಗೆದ್ದುಕೊಳ್ಳುತ್ತಿದ್ದಂತೆ ಇವರು ಈ ಎಲೆಗಳನ್ನು ಹೊಡೆದು ಮಗುಚುತ್ತಾರೆ. ಇಲ್ಲವೇ ರಬ್ಬರ್ ಬ್ಯಾಂಡು ಸುತ್ತಿ ಎತ್ತಿಡುತ್ತಾರೆ.

ಇಷ್ಟು ಕ್ಷುಲ್ಲಕ ವಸ್ತುವಿನ ಬಗ್ಗೆ ಧರ್ಮನೀತಿಯ ಪತ್ರಿಕೆಯಲ್ಲಿ ಬರೆಯುವುದೇಕೆಂದು ಹಿರಿಯರು ಕೇಳಬಹುದು. ಈ ಎಲೆಗಳ ಸುತ್ತ ಕಳೆದ ಮೂರು ದಶಕಗಳಿಂದ ಹೊರದೇಶಗಳಲ್ಲಿ ನಡೆದಿರುವ ವಿವಾದವನ್ನು ಪರಿಶೀಲಿಸಿದರೆ, ಅದು ಪರಿಗ್ರಹವೆಂದು ನಮ್ಮವರು ಹೆಸರಿಸಿದ ವಿಷಯದ ಒಂದು ಅಪ್ಪಟ ನಿದರ್ಶನವೆಂಬುದು ಮನದಟ್ಟಾಗುತ್ತದೆ. ಎರಡನೆಯ ಕಾರಣ ನಮ್ಮ ಮನೆಯಂಗಳದ್ದು. ಎಲೆಯಾಟಗಳ ಕಲ್ಪನೆಯಲ್ಲಿ ಜಗತ್ತಿನಲ್ಲಿಯೇ ಅಪೂರ್ವನಾದ ಅರಸನೊಬ್ಬನು ಮೈಸೂರಿನಲ್ಲಿ ಆಳಿದ್ದಾನೆ. ಅವನ ಎಲೆಗಳಿಗೆ ಬಂದ ಗತಿಯನ್ನು ತಿಳಿಯಲು ಈ ವಿವಾದ ಬೆಳಕು ನೀಡುತ್ತದೆ.

ಮೊದಲು ಹೊರಗಿನ ಸಂಗತಿ. ಇಸ್ಪೀಟಿನಲ್ಲಿ 52 ಎಲೆಗಳ ಒಂದೇ ಕಟ್ಟನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಬಡವನ ಕೈಗೂ ಎಕ್ಕ ಬರಬಹುದು. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿ, ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಅಂದಿನ ಸಣ್ಣ ಕಂಪನಿ ಪ್ರಕಟಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಈ ಕ್ರಮವನ್ನು ತಲೆಕೆಳಗು ಮಾಡಿತು. ಇದರಲ್ಲಿ ಪ್ರತಿಯೊಬ್ಬನೂ ತಾನು ಕೊಂಡ ಪೊಟ್ಟಣಗಳಿಂದ ಆಯ್ದು ತನ್ನದೇ ಕಟ್ಟನ್ನು ಕಟ್ಟಿಕೊಂಡು ಬರುತ್ತಾನೆ. ಕೆಲವು ಎಲೆಗಳು ಧಾರಾಳವಾಗಿ, ಕೆಲವು ವಿರಳವಾಗಿ ಅಚ್ಚಾಗುತ್ತವೆ. ಜನರು ಒಂದು ಕಟ್ಟು, ಕೆಲವು ಪೊಟ್ಟಣ ಕೊಂಡು ತೃಪ್ತರಾಗುವರೆಂದು ರೂಪಕರ್ತೃ ಎಣಿಸಿದ್ದರು. ಮನುಷ್ಯನ ಆಶೆ ಅಷ್ಟಕ್ಕೆ ನಿಲ್ಲಲಿಲ್ಲ. ವಿರಳವಾದ ಎಲೆಗಳಲ್ಲಿ ಅನೇಕವು ಆಟದಲ್ಲಿಯೂ ಬಲಶಾಲಿಯಾಗಿದ್ದುದರಿಂದ ಅವುಗಳನ್ನು ಆಟಗಾರನೂ ಬಯಸಿದನು, ಸಂಗ್ರಾಹಕನೂ ಬಯಸಿದನು. ಒಂದೇ ಎಲೆಗೆ ಇಬ್ಬರು ಹಕ್ಕುದಾರರು. ಒಬ್ಬನಿಗೆ ಅದು ಆಡಲು ಬೇಕು, ಇನ್ನೊಬ್ಬನಿಗೆ ಆಡದಿರಲು ಬೇಕು.

1995ರಲ್ಲಿ ಕಂಪನಿ 'ಕ್ರಾನಿಕಲ್ಸ್' ಎಂಬ ಹೆಸರಿನಲ್ಲಿ ಹಳೆಯ ಎಲೆಗಳನ್ನು ಹೇರಳವಾಗಿ ಮರುಮುದ್ರಿಸಿತು. ಆಟಗಾರರಿಗೆ ಅನುಕೂಲವಾಯಿತು, ದುಬಾರಿ ಬೆಲೆಗೆ ಮೂಲ ಮುದ್ರಣ ಕೊಂಡಿದ್ದ ಸಂಗ್ರಾಹಕರೂ ವ್ಯಾಪಾರಿಗಳೂ ರೊಚ್ಚಿಗೆದ್ದರು. ಅವರನ್ನು ಸಮಾಧಾನಪಡಿಸಲು 1996ರಲ್ಲಿ ಕಂಪನಿ ಒಂದು ಪಟ್ಟಿಯನ್ನು ಪ್ರಕಟಿಸಿ, ಅದರಲ್ಲಿರುವ ಎಲೆಗಳನ್ನು ಮುಂದೆಂದೂ ಆಟಕ್ಕೆ ಸಲ್ಲುವಂತೆ ಮರುಮುದ್ರಿಸುವುದಿಲ್ಲವೆಂದು ವಚನವಿತ್ತಿತು. 'ರಿಸರ್ವ್ಡ್ ಲಿಸ್ಟ್' ಎಂದು ಹೆಸರಾದ ಈ ಕಾಯ್ದಿಟ್ಟ ಪಟ್ಟಿಯಲ್ಲಿದ್ದ ಒಂದು ಸಣ್ಣ ಕಂಡಿಯನ್ನೂ 2010ರ ತಿದ್ದುಪಡಿ ಮುಚ್ಚಿತು. ಪಟ್ಟಿಯಲ್ಲಿರುವ 'ಬ್ಲ್ಯಾಕ್ ಲೋಟಸ್' ಎಂಬ ಕರಿದಾವರೆಯ ಎಲೆಯ ಮೊದಲ ಮುದ್ರಣದ ಪ್ರತಿಯೊಂದು 2021ರಲ್ಲಿ 5 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು.

ಆ ಕರಿದಾವರೆಯ ಮಾತನ್ನು ಬದಿಗಿಡೋಣ. ಅದು ಕಿರೀಟದ ವಜ್ರವಿದ್ದಂತೆ, ಇಲ್ಲದಿದ್ದರೆ ಹೆಚ್ಚಿನವರ ಆಟ ನಿಲ್ಲದು. ಆಟಗಾರನಿಗೆ ನಿಜವಾಗಿ ನೋವಾದದ್ದು ಅದೇ ಪಟ್ಟಿಯಲ್ಲಿ ಸೇರಿಹೋದ ಸಾಧಾರಣ ಉಪಕರಣಗಳಿಂದ. ಎರಡು ಬಗೆಯ ಶಕ್ತಿಯನ್ನು ಒದಗಿಸುವ ನೆಲದ ಎಲೆಗಳು ಕೆಲವಿವೆ. ಅವುಗಳಲ್ಲಿ ಅದ್ಭುತವೇನೂ ಇಲ್ಲ. ಬಡಗಿಗೆ ಉಳಿಯಿದ್ದಂತೆ, ಹಳೆಯ ಎಲೆಗಳ ಪಂದ್ಯಗಳಲ್ಲಿ ಅವು ಕಟ್ಟಿನ ಬುನಾದಿ. 1994ರ ತರುವಾಯ ಅವು ಆಟಕ್ಕೆಂದು ಅಚ್ಚಾಗಲಿಲ್ಲ. ಆ ಬಗೆಯ ಪಂದ್ಯವನ್ನು ಕಲಿಯಬಯಸುವ ಇಂದಿನ ಹುಡುಗನು ತಾನು ಹುಟ್ಟುವ ಮೊದಲೇ ಮುಗಿದುಹೋದ ಮಾರಾಟಕ್ಕಾಗಿ ಇಂದು ದಂಡ ತೆರುತ್ತಿದ್ದಾನೆ. ಈ ಇಕ್ಕಟ್ಟಿನಿಂದ ಪಾರಾಗಲು ಕಂಪನಿಯೇ 2011ರಲ್ಲಿ ಹಳೆಯ ಎಲೆಗಳಿಗೆ ಪ್ರವೇಶವಿಲ್ಲದ 'ಮಾಡರ್ನ್' ಎಂಬ ಬೇರೊಂದು ಪಂದ್ಯಕ್ರಮವನ್ನು ಸ್ಥಾಪಿಸಬೇಕಾಯಿತು. ಬೀಗ ತೆಗೆಯಲಾಗದೆ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದಂತೆ.

ಸಂಗ್ರಾಹಕರನ್ನು ಲೋಭಿಗಳೆಂದು ಹಳಿದು ಮುಗಿಸುವುದು ಸುಲಭ, ಅದು ನ್ಯಾಯವಲ್ಲ. ಕೊಟ್ಟ ಮಾತನ್ನು ನಂಬಿ ಹಣ ಹಾಕಿದವನಿಗೆ ಮಾತು ಉಳಿಸಿಕೊಳ್ಳಬೇಕಾದುದು ಸತ್ಯವ್ರತದ ಮೊದಲ ಪಾಠ. ಸಂಗ್ರಾಹಕನಿಲ್ಲದೆ ಹಳೆಯ ಎಲೆಗಳು ಮಳೆಗಾಲದ ಗೆದ್ದಲಿಗೆ ಆಹಾರವಾಗುತ್ತಿದ್ದವೆಂಬುದೂ ನಿಜ. ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ಅವರು ಊರೂರು ಅಲೆದು ಕೂಡಿಹಾಕದಿದ್ದರೆ, 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಪ್ರಕಟಿಸಿದ ಭಾರತೀಯ ಗಂಜೀಫಾ ಕುರಿತ ಅವರ ಗ್ರಂಥವೇ ಹುಟ್ಟುತ್ತಿರಲಿಲ್ಲ. ಮೈಸೂರಿನ ಎಲೆಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಭಾಗಕ್ಕೆ ಇಂಥ ಸಂಗ್ರಾಹಕರ ಋಣವಿದೆ.

ದೋಷವಿರುವುದು ವಚನದ ಪಾಲನೆಯಲ್ಲಲ್ಲ, ವಚನದ ಸ್ವರೂಪದಲ್ಲಿ. ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಷ್ಟು ಭೂಮಿ, ಇಷ್ಟು ಧಾನ್ಯ, ಇಷ್ಟು ಬಂಗಾರ ಎಂದು ವ್ರತಿಯು ಗೆರೆ ಎಳೆಯುವುದು ತನ್ನ ಒಡೆತನಕ್ಕೆ. ಕಂಪನಿಯ ಪಟ್ಟಿಯೂ ಪರಿಮಾಣವೇ. ಆದರೆ ಅದು ಗೆರೆ ಎಳೆದುದು ಇತರರಿಗೆ ದೊರೆಯಬಹುದಾದುದಕ್ಕೆ. ಒಬ್ಬ ಶ್ರೀಮಂತನು ಕರಿದಾವರೆಯ ನೂರು ಪ್ರತಿ ಶೇಖರಿಸಿಟ್ಟರೆ ಪಟ್ಟಿಗೆ ಅಡ್ಡಿಯಿಲ್ಲ. ನೂರೊಂದನೆಯ ಪ್ರತಿ ಅಚ್ಚಾಗಬಾರದೆಂಬುದಷ್ಟೇ ಅದರ ಕಾಳಜಿ. ಮಾತು ಕೊಟ್ಟಾಗ ಸಂಗ್ರಾಹಕರ ಕೂಗು ಎದುರಿಗಿತ್ತು. ಮುಂದೆ ಆಡಲಿರುವವರು ಆ ಸಭೆಯಲ್ಲಿ ಇರಲಿಲ್ಲ. ಹಾಜರಿಲ್ಲದವರ ಪಾಲನ್ನು ಹಾಜರಿದ್ದವರಿಗೆ ಬರೆದುಕೊಡುವ ಕರಾರು ಎಷ್ಟು ಪ್ರಾಮಾಣಿಕವಾಗಿ ಪಾಲಿತವಾದರೂ ಧರ್ಮ್ಯವಾಗದು.

ಈ ಬಿಗಿಯ ಪರಮಾವಧಿ 2022ರಲ್ಲಿ ಕಂಡಿತು. ಆಟದ ಮೂವತ್ತನೆಯ ವರ್ಷದ ನೆನಪಿಗೆಂದು ಕಂಪನಿ ಹಳೆಯ ಚಿತ್ರಗಳನ್ನು ಬೇರೆ ಬೆನ್ನಿನೊಡನೆ ಮುದ್ರಿಸಿ, ತಲಾ 15 ಎಲೆಗಳ ನಾಲ್ಕು ಪೊಟ್ಟಣಗಳಿಗೆ 999 ಡಾಲರ್ ಬೆಲೆ ಇಟ್ಟಿತು. ಪಂದ್ಯದಲ್ಲಿ ಅವು ಸಲ್ಲವು. ಆಟಗಾರನಿಗೆ ಆಟವಿಲ್ಲ, ಸಂಗ್ರಾಹಕನಿಗೆ ಮೂಲವಿಲ್ಲ. ಇಬ್ಬರೂ ಒಟ್ಟಾಗಿ ನಿಂದಿಸಿದ ಸಂದರ್ಭ ಬಹುಶಃ ಇದೊಂದೇ.

ಈಗ ಮೈಸೂರಿಗೆ ಬರೋಣ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ರಾಣಿಯರೊಡನೆ ಕೈಮುಗಿದು ನಿಂತ ಭಕ್ತವಿಗ್ರಹವಾಗಿ ನಮಗೆಲ್ಲ ಪರಿಚಿತರಾದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 1831ರಲ್ಲಿ ರಾಜ್ಯದ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಸಾಹಿತ್ಯ, ಚಿತ್ರ ಮತ್ತು ಆಟಗಳಲ್ಲಿ ಮನಸ್ಸಿಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ವರ್ಣನೆಯಿದೆ. ಇಸ್ಪೀಟಿನಲ್ಲಿ ಕಳಾವರ್, ಡೈಮಂಡ್ ಎಂದು ನಾಲ್ಕು ಪಂಗಡಗಳಿರುವಂತೆ ಗಂಜೀಫಾದ ಮೊಗಲ್ ಕ್ರಮದಲ್ಲಿ ಎಂಟು ಪಂಗಡಗಳ 96 ಎಲೆಗಳು, ದಶಾವತಾರ ಕ್ರಮದಲ್ಲಿ ಹತ್ತು ಪಂಗಡಗಳ 120 ಎಲೆಗಳು. ಪ್ರತಿ ಪಂಗಡದಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತು. ಮುಮ್ಮಡಿಯವರಿಗೆ ಇದು ಸಾಲದೆಹೋಯಿತು. ಅವರು ಕಲ್ಪಿಸಿದ ಹೊಸ ಆಟಗಳಿಗೆ 'ಛದ' ಎಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇಸ್ಪೀಟೆಲೆ ಎನ್ನುವ ನಮ್ಮ ಆಡುಮಾತಿಗೂ ಅರಸನ ಸಂಸ್ಕೃತಕ್ಕೂ ಇಲ್ಲಿ ಸಾಮರಸ್ಯವಿದೆ. 36 ಎಲೆಗಳ ಕಟ್ಟಿನಿಂದ 360 ಎಲೆಗಳ ಕಟ್ಟಿನವರೆಗೆ ಈ ಛದಗಳು ಹಬ್ಬಿವೆ. ಚಾಮುಂಡೇಶ್ವರಿ, ನವಗ್ರಹ, ಪಂಚಪಾಂಡವ ಎಂದು ಅವುಗಳ ನಾಮಾವಳಿ. ಒಂದೊಂದು ಎಲೆಯೂ ವಾಹನ, ಆಯುಧ, ವರ್ಣಗಳ ನಿಯಮಕ್ಕೆ ಬದ್ಧವಾದ ಕಿರುಚಿತ್ರ.

ಚಿತ್ರಕಲೆಯಾಗಿ ಇವು ಅಮೂಲ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆಟವಾಗಿ ಇವುಗಳನ್ನು ವಿಮರ್ಶಿಸುವ ಧೈರ್ಯವನ್ನು ನಮ್ಮಲ್ಲಿ ಕೆಲವರೇ ತೋರಿದ್ದಾರೆ. 360 ಎಲೆಗಳನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬನ ಪಾಲಿಗೆ 120. ಅಷ್ಟನ್ನು ಕೈಯಲ್ಲಿ ಹಿಡಿಯುವುದಾದರೂ ಹೇಗೆ, ಇಳಿದುಹೋದುದನ್ನು ನೆನಪಿಡುವುದಾದರೂ ಹೇಗೆ? ಹಳೆಯ ಗಂಜೀಫಾದಲ್ಲಿ ನೆನಪೇ ಆಟದ ಜೀವ. ಮಿತಿಮೀರಿದ ಸಂಖ್ಯೆ ಆ ಜೀವವನ್ನೇ ಬಳಲಿಸುತ್ತದೆ. ಅರಮನೆಯ ಹೊರಗೆ ಈ ಛದಗಳನ್ನು ಆಡಿದವರ ಪರಂಪರೆಯೊಂದು ನಮ್ಮವರೆಗೆ ಉಳಿದುಬಂದಿಲ್ಲ. ಇವು ಹುಟ್ಟಿನಿಂದಲೇ ಆಡುವುದಕ್ಕಿಂತ ನೋಡುವುದಕ್ಕೆ ವಾಲಿದ್ದವೆಂಬುದು ನನ್ನ ಅಭಿಪ್ರಾಯ. ಅರಸನ ಕಲ್ಪನೆಗೆ ಇದರಿಂದ ಕುಂದಿಲ್ಲ. ರಾಜ್ಯ ಕೈತಪ್ಪಿದವನು ಎಲೆಗಳ ಮೇಲೆ ಬ್ರಹ್ಮಾಂಡವನ್ನು ಕ್ರಮಗೊಳಿಸಿದುದು ಕರುಣೆಯೂ ಗೌರವವೂ ಹುಟ್ಟುವ ಸಂಗತಿ.

ಗಂಜೀಫಾದ ಹಳೆಯ ವ್ಯವಸ್ಥೆಯಲ್ಲಿ ಇದಕ್ಕೊಂದು ಉತ್ತಮ ಮದ್ದಿತ್ತು. ದಂತ, ಆಮೆಚಿಪ್ಪು, ಬಂಗಾರದ ರೇಖೆಗಳ ಎಲೆಗಳಿಗೆ ದರ್ಬಾರಿ ಕಲಮು ಎಂದೂ, ಜನಸಾಮಾನ್ಯರಿಗಾಗಿ ಅಗ್ಗದ ಸಾಮಗ್ರಿಯಿಂದ ಬೇಗಬೇಗನೆ ಬರೆದ ಎಲೆಗಳಿಗೆ ಬಜಾರಿ ಕಲಮು ಎಂದೂ ಹೆಸರು. (ದಂತ ಮತ್ತು ಚಿಪ್ಪುಗಳ ಹಿಂದಿರುವ ಹಿಂಸೆಯನ್ನು ನಮ್ಮ ವಾಚಕರಿಗೆ ನೆನಪಿಸಬೇಕಿಲ್ಲ, ಬಜಾರಿ ಕಲಮಿನ ಪರವಾಗಿ ಅದೂ ಒಂದು ವಾದ.) ಒಡಿಶಾದಲ್ಲಿ ಹಳೆಯ ಬಟ್ಟೆಗೆ ಹುಣಿಸೆಬೀಜದ ಅಂಟು ಬಳಿದು ಪದರ ಕೂಡಿಸಿ ಇಂಥ ಎಲೆಗಳನ್ನು ಮಾಡುತ್ತಿದ್ದರು. ಎರಡು ಕಲಮುಗಳಿಗೂ ಪಂಗಡ ಒಂದೇ, ಎಣಿಕೆ ಒಂದೇ, ನಿಯಮ ಒಂದೇ. ನವಾಬನ ದಂತದ ರಾಜನೂ ನೇಕಾರನ ಬಟ್ಟೆಯ ರಾಜನೂ ಆಟದಲ್ಲಿ ಸಮಬಲರು. ಎಲೆಯು ಚಿತ್ರವಾಗಿ ದುಬಾರಿಯಾಗಬಹುದಿತ್ತು, ನಡೆಯಾಗಿ ದುಬಾರಿಯಾಗುತ್ತಿರಲಿಲ್ಲ. ಸಂಗ್ರಾಹಕನ ಪೆಟ್ಟಿಗೆ ತುಂಬಿದಷ್ಟಕ್ಕೆ ಆಟಗಾರನ ಕೈ ಬರಿದಾಗುತ್ತಿರಲಿಲ್ಲ.

ಹೊರದೇಶಗಳ ಕಂಪನಿಗಳು ಈ ವಿವೇಕಕ್ಕೆ ಮರಳುತ್ತಿವೆಯೆಂಬುದು ಗಮನಾರ್ಹ. ಪೋಕೆಮಾನ್ ಎಲೆಗಳಲ್ಲಿ ಈಗ ಒಂದೇ ಜೀವಿ, ಒಂದೇ ಬಲ, ಒಂದೇ ಬರಹವುಳ್ಳ ಎಲೆ ಸಾದಾ ರೂಪದಲ್ಲಿಯೂ ಅಲಂಕೃತವಾದ ವಿರಳ ರೂಪದಲ್ಲಿಯೂ ಬರುತ್ತದೆ; ಸಾದಾ ಎಲೆಯಿಂದ ಪಂದ್ಯ ಗೆಲ್ಲಬಹುದು. ಮ್ಯಾಜಿಕ್ ಕೂಡ 2019ರಿಂದ ಹೊಸ ಎಲೆಗಳಿಗೆ ಇದೇ ಹಾದಿ ಹಿಡಿದಿದೆ. 2008ರಲ್ಲಿ ಫ್ಯಾಂಟಸಿ ಫ್ಲೈಟ್ ಎಂಬ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಪೊಟ್ಟಣಗಳಲ್ಲಿಯೂ ಅವೇ ಎಲೆಗಳಿರುವ, ಅದೃಷ್ಟಕ್ಕೆ ಎಡೆಯೇ ಇಲ್ಲದ ಮಾರಾಟಕ್ರಮವನ್ನು ತಂದಿತು. ಮೂರೂ ಬಜಾರಿ ಕಲಮಿನ ಪುನರವತಾರಗಳೇ.

ಹಾಗಾದರೆ ಆ ವಿವೇಕದ ತವರಾದ ನಮ್ಮಲ್ಲಿ ಏನಾಗಿದೆ? ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಅಲ್ಲಿನ ರಾಜಮನೆತನ 1970ರ ದಶಕದಲ್ಲಿ ಗಂಜೀಫಾ ತಯಾರಿಕೆಗೆ ಜೀವ ತುಂಬಿತು. ನಮ್ಮಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಕಲಾವಿದ ಗಂಜೀಫಾ ರಘುಪತಿ ಭಟ್ಟರ ಸಾಧನೆಯಿಂದ ಈ ಕಲೆಗೆ ಹೊಸ ಕೀರ್ತಿ ಬಂದಿತು. ಮೈಸೂರು ಗಂಜೀಫಾಗೆ ನಂಜನಗೂಡಿನ ರಸಬಾಳೆಯಂತೆಯೇ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಬದುಕಿ ಉಳಿದುದು ದರ್ಬಾರಿ ಕಲಮು ಮಾತ್ರ. ಇಂದು ಮೈಸೂರು ಗಂಜೀಫಾ ಎಂದರೆ ಗಾಜಿನ ಚೌಕಟ್ಟಿನಲ್ಲಿ ಗೋಡೆಗೇರುವ ವಸ್ತು. ಒಡಿಶಾದ ಪುರಿಯ ಸುತ್ತಣ ಹಳ್ಳಿಗಳಲ್ಲಿ ವೃದ್ಧರು ಈಚಿನವರೆಗೂ ಜಗಲಿಯ ಮೇಲೆ ಕುಳಿತು ಆಡುತ್ತಿದ್ದರು. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಗಂಜೀಫಾದ ನಿಯಮ ಬಲ್ಲವರನ್ನು ದೀಪ ಹಿಡಿದು ಹುಡುಕಬೇಕು. ರಸಬಾಳೆಗೆ ಗುರುತು ಕೊಟ್ಟ ಮೇಲೆ ಅದನ್ನು ತಿನ್ನುವವರು ಬೇಕಲ್ಲವೆ?

ಚೌಕಾಬಾರದ ಸ್ಥಿತಿ ಹೀಗಾಗಲಿಲ್ಲ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಹಳೆಯ ಆಟಗಳ ಚಿತ್ರಿತ ಫಲಕಗಳಿವೆ. ಅದೇ ಹೊತ್ತಿನಲ್ಲಿ ಅಜ್ಜಿಯೊಬ್ಬಳು ಸೀಮೆಸುಣ್ಣದಿಂದ ನೆಲದ ಮೇಲೆ ಮನೆ ಬರೆದು ಹುಣಿಸೆಬೀಜ ತೇಯ್ದು ಆಟ ಹೂಡಬಲ್ಲಳು. ಬಜಾರಿ ಪ್ರತಿ ಎಲ್ಲರ ಕೈಬೆರಳಿನಲ್ಲಿಯೇ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿಮಣೆಗಳನ್ನು ಮತ್ತೆ ಮನೆಗಳಿಗೆ ತಲುಪಿಸಿದಾಗ ಆಡಬಲ್ಲವರು ಸಿದ್ಧರಾಗಿಯೇ ಇದ್ದರು. 96 ಎಲೆಗಳನ್ನು ನೆಲದ ಮೇಲೆ ಬರೆಯಲು ಬಾರದು. ಯಾರಾದರೂ ಮಾಡಿಕೊಡದೆ ಗಂಜೀಫಾ ಆಟಗಾರನನ್ನು ತಲುಪಲಾರದು.

ಮರುಮುದ್ರಣದಿಂದ ಮೂಲದ ಮಾನ ಕುಗ್ಗುವುದೆಂಬ ಭಯವುಳ್ಳವರಿಗೆ ನಮ್ಮ ಸಮಾಜದಲ್ಲಿಯೇ ಉತ್ತರವಿದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಇದ್ದವು, ಓದುವವರಿಗೆ ದೊರೆಯುತ್ತಿರಲಿಲ್ಲ. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ಮೊದಲಾಗಿ, ಹಲವು ಅಡೆತಡೆಗಳನ್ನು ದಾಟಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಅದರಿಂದ ಮೂಡಬಿದಿರೆಯ ಓಲೆಗಳ ಮುಂದೆ ಕೈಮುಗಿಯುವವರು ಕಡಿಮೆಯಾದರೆ? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಹತ್ತು ಶತಮಾನಗಳಿಂದ ಹೊಗಳುತ್ತಿರುವ ನಾವು, ಪ್ರತಿ ಹೆಚ್ಚಿದರೆ ಬೆಲೆ ಇಳಿಯುವುದೆಂಬ ವ್ಯಾಪಾರಿಯ ಲೆಕ್ಕಕ್ಕೆ ತಲೆದೂಗಬೇಕಾಗಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಸಪ್ತವ್ಯಸನಗಳಲ್ಲಿ ಮೊದಲನೆಯದೇ ದ್ಯೂತ. ಎಲೆಗಳನ್ನು ಮನೆಯೊಳಗೆ ಕರೆಯುವುದು ಸರಿಯೇ? ಪಣವಿಲ್ಲದ ಆಟ ದ್ಯೂತವಲ್ಲ. ಗುಜರಾತ್, ರಾಜಸ್ಥಾನಗಳ ಜೈನರು 84 ಮನೆಗಳ ಜ್ಞಾನಬಾಜಿಯನ್ನು ಪರ್ಯೂಷಣದ ದಿನಗಳಲ್ಲಿಯೇ ಆಡುತ್ತಿದ್ದರು; ಸಿದ್ಧಶಿಲೆಯನ್ನು ಮುಟ್ಟುವುದು ಆ ಆಟದ ಗುರಿ. ಆದರೆ ಮ್ಯಾಜಿಕ್ ಆಟದ ಮೊದಲ ನಿಯಮಗಳಲ್ಲಿ ಪಣವಿತ್ತೆಂಬುದನ್ನು ಮರೆಯಬಾರದು: ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಎಲೆಯನ್ನು ನೋಡದೆ ತೆಗೆದಿಡಬೇಕು, ಗೆದ್ದವನಿಗೆ ಎರಡೂ ಸೇರಬೇಕು. ಆ ನಿಯಮವನ್ನು ಬೇಗನೆ ಕೈಬಿಟ್ಟರು. ಪಣವೇನೋ ಹೋಯಿತು, ಪೊಟ್ಟಣ ಉಳಿಯಿತು. ಹಣ ಕೊಟ್ಟು, ಒಳಗೇನಿದೆಯೆಂದು ತಿಳಿಯದೆ, ದೊಡ್ಡದೊಂದು ಬಂದೀತೆಂಬ ಆಶೆಯಿಂದ ಮತ್ತೊಂದನ್ನು ಒಡೆಯುವುದರಲ್ಲಿ ದ್ಯೂತದ ಛಾಯೆ ಇಲ್ಲವೆನ್ನಲಾಗದು. ನಮ್ಮ ಊರಿನ ಅಂಗಡಿಯ ಪೊಟ್ಟಣದಲ್ಲಿ ಆಟವೂ ಇಲ್ಲದಿರುವುದರಿಂದ ಉಳಿಯುವುದು ಆ ಛಾಯೆ ಮಾತ್ರ. ಮಗುವಿನಿಂದ ಅದನ್ನು ಕಿತ್ತುಕೊಳ್ಳುವ ತಂದೆತಾಯಿಗಳು ಬದಲಿಗೆ ಏನನ್ನು ಕೊಡುತ್ತಾರೆ?

ಬಸದಿಗಳ ವಿಶ್ವಸ್ಥ ಮಂಡಳಿಗಳು ಪಾಠಶಾಲೆಯ ಮಕ್ಕಳಿಗಾಗಿ ಇಲ್ಲೊಂದು ಕೆಲಸ ಮಾಡಬಹುದು. ಮದುವೆಯ ಆಮಂತ್ರಣ ಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯವೇ 96 ದುಂಡನೆಯ ಎಲೆಗಳನ್ನು ಗಟ್ಟಿ ಕಾಗದದಲ್ಲಿ ಕತ್ತರಿಸಿಕೊಡಬಲ್ಲದು. ಎಲ್ಲ ಕಟ್ಟುಗಳೂ ಒಂದೇ ಸಮ, ಒಳಗೊಂದು ಕನ್ನಡದ ನಿಯಮಪತ್ರ. ಪಂಗಡಗಳಿಗೆ ಏನು ಚಿತ್ರವಿಡಬೇಕೆಂಬ ಪ್ರಶ್ನೆ ಏಳುತ್ತದೆ. ಎತ್ತು, ಆನೆ, ಕುದುರೆ, ಕಪಿ ಎಂದು ತೀರ್ಥಂಕರರ ಲಾಂಛನಗಳನ್ನು ಬಳಸುವ ಆಸೆ ಯಾರಿಗಾದರೂ ಹುಟ್ಟೀತು. ನನಗೆ ಅದು ಒಪ್ಪಿಗೆಯಿಲ್ಲ: ಬಿಂಬದ ಪೀಠದಲ್ಲಿ ಕಾಣುವ ಗುರುತನ್ನು ನೆಲಕ್ಕೆ ಬೀಸಿ ಎಸೆಯುವುದು ಆಶಾತನೆಗೆ ಹತ್ತಿರ. ಕಿರೀಟ, ಖಡ್ಗ, ವೀಣೆಯಂಥ ವಾದ್ಯ, ಬೆಳ್ಳಿ ನಾಣ್ಯ, ಬಂಗಾರದ ನಾಣ್ಯ ಮೊದಲಾದ ಹಳೆಯ ಎಂಟು ಗುರುತುಗಳೇ ಯಾವ ಮತದವರೂ ಒಟ್ಟಿಗೆ ಕುಳಿತು ಆಡಲು ಅನುಕೂಲ.

ಆಟಕ್ಕೆ ಮೂವರು ಸಾಕು, ತಲಾ 32 ಎಲೆ. ನಾಲ್ಕು ಪಂಗಡಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಉಳಿದ ನಾಲ್ಕರಲ್ಲಿ ಒಂದು ದೊಡ್ಡದು. ಮಕ್ಕಳು ಮೊದಲು ಎಡವುವುದು ಇಲ್ಲಿಯೇ, ನಿಯಮಪತ್ರದಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿಸಬೇಕು. ಹಗಲಿನಲ್ಲಿ ಆಟ ಹೂಡಿದರೆ ಬಂಗಾರದ ನಾಣ್ಯದ ರಾಜನಿರುವವನು ಮೊದಲು ಇಳಿಯಬೇಕು, ರಾತ್ರಿಯಾದರೆ ಬೆಳ್ಳಿ ನಾಣ್ಯದ ರಾಜನಿರುವವನು. ರಾತ್ರಿಭೋಜನ ತ್ಯಜಿಸಿದ ಮನೆಗಳಲ್ಲಿ ಊಟ ಹೊತ್ತಿಗೆ ಮುಂಚೆ ಮುಗಿಯುವುದರಿಂದ ಹೆಚ್ಚಾಗಿ ಬೆಳ್ಳಿಯ ರಾಜನಿಗೇ ಸರದಿ ಬಂದೀತು.